ಮಂಚಮ್ಮ ಕೇಳಿದ ಎರಡನೆಯ ಮಾತು

ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಒಂದೇ ವಾರದಲ್ಲಿ ನಾನು ಕಟ್ಟಿದ ಮೂರು ಒಲೆಗಳು ಕೆಟ್ಟು ಕೂತವು. ಕೆಟ್ಟವು ಅಂದರೆ ಬಿರುಕು ಬಿಡಲಿಲ್ಲ, ಕುಸಿಯಲಿಲ್ಲ. ನೋಡುವುದಕ್ಕೆ ಮೂರೂ ಲಕ್ಷಣವಾಗಿಯೇ ಇದ್ದವು. ಬಾಯಿ ನೆಟ್ಟಗಿತ್ತು, ಪಾತ್ರೆ ಕೂರುವ ಗುಂಡುಗಳು ಸಮವಾಗಿದ್ದವು, ಹೊಗೆ ಹೋಗಲು ದಾರಿಯಿತ್ತು. ಸೌದೆ ಇಟ್ಟರೆ ಉರಿಯೂ ಏಳುತ್ತಿತ್ತು. ಆದರೆ ಆ ಉರಿಯಲ್ಲಿ ಕಾವೇ ಇರಲಿಲ್ಲ. ಗಾರೆ ಕೆಲಸದ ಮರಿಯಪ್ಪನ ಮನೆಯಲ್ಲಿ ಬೆಳಿಗ್ಗೆ ಇಟ್ಟ ಎಸರು ಮಧ್ಯಾಹ್ನವಾದರೂ ಬಾವಿಯಿಂದ ಆಗತಾನೆ ಸೇದಿದ ಹಾಗೆ ತಣ್ಣಗಿತ್ತಂತೆ. ಅವನ ಹೆಂಡತಿ ನಡುಬೀದಿಯಲ್ಲಿ ನಿಂತು ನನ್ನ ಜನ್ಮ ಜಾಲಾಡಿದಳು. "ಜವರಮ್ಮ ಒಲೆ ಕಟ್ಕೊಟ್ಟವ್ಳೋ, ಮಕ್ಕಳು ಆಡ್ಕಳಾಕೆ ಗೊಂಬೆ ಮಾಡ್ಕೊಟ್ಟವ್ಳೋ, ಯಾರಾದ್ರೂ ಬಂದು ನೋಡ್ರಪ್ಪ!" ಇಪ್ಪತ್ತಾರು ವರ್ಷದಿಂದ ಒಲೆ ಕಟ್ಟುತ್ತಿರುವ ನನಗೆ ಇಂಥ ಮಾತು ಕೇಳುವ ಗತಿ ಬಂತು.

ತಪ್ಪು ನನ್ನದಾಗಿದ್ದರೆ ತಲೆ ತಗ್ಗಿಸುತ್ತಿದ್ದೆ. ನಾನು ಕರೆಯಬೇಕಾದವರನ್ನು ಕರೆದೇ ಮಣ್ಣು ಮುಟ್ಟಿದ್ದೆ. ನಮ್ಮೂರಲ್ಲಿ ಯಾರೇ ಆಗಲಿ, ಏನನ್ನೇ ಮಾಡಲು ಕೂತರೂ ಮೊದಲು ತಮ್ಮ ಮೇಲಿನವರನ್ನು ಕರೆಯಬೇಕು. ಮೇಲಿನವರು ಅಂದರೆ ಕೆಲಸ ಕಲಿಸಿದವರು. ಕರೆದರೆ, ಅವರು ಎಲ್ಲೇ ಇದ್ದರೂ, ಅವರ ಪಾಲಿನದು ಬಂದು ಕೂರುತ್ತದೆ, ಅದರ ಮೇಲೆ ನಮ್ಮ ಪಾಲಿನದನ್ನು ನಾವು ಮಾಡಿಕೊಳ್ಳುತ್ತೇವೆ. ನನ್ನ ಒಲೆಯ ಬಾಯಿ, ಹೊಗೆದಾರಿ, ನುಣುಪು ನನ್ನದು. ಕಾವು ಮಂಚಮ್ಮನದು. ಅವಳಿಂದಲೇ ನಾನು ಕಲಿತದ್ದು. ಒಲೆ ಕೂಡಲೇ ಕಲ್ಲಾಗುವ ಗಟ್ಟಿತನ ಮಂಚಮ್ಮನಿಗೂ ಮೇಲಿನವಳದಂತೆ. ಆ ಪುಣ್ಯಾತಗಿತ್ತಿಯನ್ನು ನಾನು ಕಂಡವಳಲ್ಲ, ನೇರವಾಗಿ ಕರೆಯುವ ಹಾಗೂ ಇಲ್ಲ. ನಾನು ಮಂಚಮ್ಮನನ್ನು ಕರೆದರೆ ಮಂಚಮ್ಮ ಅವಳನ್ನು ಕರೆದುಕೊಳ್ಳುತ್ತಾಳೆ. ಮೇಲಿನವರೆಲ್ಲ ಬಂದು ಕೂತರೆ ಒಲೆ ಒಣಗುವ ತನಕವೂ ಕಾಯಬೇಕಾಗಿಲ್ಲ, ಕೈ ತೊಳೆದುಕೊಂಡು ಬರುವಷ್ಟರಲ್ಲಿ ಕಲ್ಲಾಗಿರುತ್ತದೆ.

ಕರೆಯುವುದು ಮಾತ್ರ ಎಲ್ಲಕ್ಕಿಂತ ಮೊದಲಾಗಬೇಕು. ಕೆಲಸಕ್ಕೆ ಕೈ ಹಾಕಿದ ಮೇಲೆ ನೆನಪಾಗಿ ಕೂಗಿಕೊಂಡರೆ ಯಾರೂ ಬರುವುದಿಲ್ಲ. ಕುಂಬಾರ ಸಿದ್ದಶೆಟ್ಟಿ ಒಂದು ಸಲ ಅಪ್ಪನ ಮೇಲೆ ಮುನಿಸಿಕೊಂಡು, "ನಂಗ್ಯಾರೂ ಬ್ಯಾಡ" ಅಂತ ಕರೆಯದೆಯೇ ಹನ್ನೆರಡು ಮಡಕೆ ಮಾಡಿದ. ಕಂಠವಿತ್ತು, ಅಂಚಿಗೆ ಚಿತ್ತಾರವಿತ್ತು, ತಳವೇ ಇರಲಿಲ್ಲ. ಹಾಗಂತ ಎಲ್ಲರ ಮೇಲಿನವರೂ ಒಂದೇ ತರಹ ಇರುವುದಿಲ್ಲ. ಚಾಪೆ ಹೆಣೆಯುವವರ ಮೇಲಿನವರು ಏನೂ ಕೇಳುವುದಿಲ್ಲ, ಹಾಗಾಗಿ ಅವರ ಕೆಳಗಿನವರು ಬಾಯಿ ಕೂಡ ಬಿಡಬೇಕಾಗಿಲ್ಲ, ಸುಮ್ಮನೆ ಕೂತರೆ ಸಾಕು, ಕರೆ ತಾನಾಗಿಯೇ ಹೋಗುತ್ತದೆ. ಪುಣ್ಯ ಮಾಡಿದ್ದರು. ಮಂಚಮ್ಮನನ್ನು ಕರೆಯುವಾಗ ಮಾತ್ರ ಒಂದು ಮಾತು ಕೈಗೆ ಕೊಟ್ಟ ಹಾಗೆ ಕೊಡಬೇಕು: ಎಷ್ಟು ಜನ ಉಣ್ಣುವುದು? ಅದಕ್ಕೇ ನಾನು ಒಲೆ ಬೇಕು ಅಂತ ಬಂದವರನ್ನು ಎರಡು ಕೇಳುತ್ತಿದ್ದೆ. ಸೌದೆಯೋ ಬೆರಣಿಯೋ ಅನ್ನುವುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತಿದ್ದೆ, ಎಷ್ಟು ಜನ ಅನ್ನುವುದನ್ನು ಮಂಚಮ್ಮನಿಗೆ ದಾಟಿಸುತ್ತಿದ್ದೆ. "ಮಂಚಮ್ಮ, ಮೊದಲು ನೀನು ಬಾ, ಐದು ಜನ." ಅಷ್ಟೇ. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು.

ಮರಿಯಪ್ಪನ ಹೆಂಡತಿ ಬೈದು ಮುಗಿಸುವುದಕ್ಕೂ ಕಾಯದೆ ನಾನು ಮಂಚಮ್ಮನ ಮನೆಗೆ ದಡದಡ ನಡೆದೆ. ಮುದುಕಿ ಜಗುಲಿಯ ಮೇಲೆ ಕಾಲು ಚಾಚಿಕೊಂಡು ನೆನೆಸಿದ ಅವರೆಕಾಳು ಹಿಸುಕುತ್ತಿತ್ತು.

"ದೊಡ್ಡವ್ವ, ನನ್ನ ಒಲೆ ಕಾಯ್ತಾ ಇಲ್ಲ," ಅಂದೆ.

"ಹೆಂಗೆ ಕಾದಾತು? ಕೇಳಿದ್ದು ಕೊಡ್ದೆ ಬಾ ಬಾ ಅಂದ್ರೆ ಬಂದ್ಬುಡ್ತೀನಾ ನಾನು?"

"ಕೊಟ್ಟಿದೀನಲ್ಲ! ಮರಿಯಪ್ಪನ ಮನೆ, ಐದು ಜನ ಅಂತ ಬಾಯ್ತುಂಬ ಹೇಳಿದೀನಿ."

"ಅದು ಹಳೇದು. ಈಗ ಎರಡು ಕೇಳ್ತೀನಿ. ಎಷ್ಟು ಜನ ಉಣ್ಣೋದು, ಒಲೆ ಮುಂದೆ ಕೂರೋಳ ಹೆಸರೇನು."

ನನಗೆ ಮೈಯೆಲ್ಲ ಉರಿದುಹೋಯಿತು. "ಯಾವಾಗಿಂದ?"

"ಹೋದ ಅಮಾಸೆಯಿಂದ. ಊರ ಕಟ್ಟೆ ಕಲ್ಲಿನ ಮ್ಯಾಲೆ ಬರೆಸಿವ್ನಿ. ಓದ್ಲಿಲ್ವಾ?"

"ಯಾರು ಓದ್ತಾರೆ ಅದನ್ನ? ನನಗೊಂದು ಮಾತು ಹೇಳಿ ಕಳಿಸಬಾರ್ದಾಗಿತ್ತಾ? ನಿನ್ನ ಕೆಳಗೆ ಹದಿನಾಲ್ಕು ಜನ ಇದ್ದೀವಿ ದೊಡ್ಡವ್ವ. ಹದಿನಾಲ್ಕೂ ಜನ ಕಟ್ಟಿದ ಹೊಸ ಒಲೆ ಒಂದೂ ಕಾಯ್ಲಿಲ್ಲ. ಊರಿಗೆ ಊರೇ ನಮ್ಮನ್ನ ಬೈತಾ ಐತೆ. ನಿನಗೇನು, ನೀನು ಇಲ್ಲಿ ಅವರೆಕಾಳು ಹಿಸುಕ್ತಾ ಕೂತಿದೀಯ!"

"ಬೈಸ್ಕೋ," ಅಂದಳು ಮಂಚಮ್ಮ, ಒಂದು ಕಾಳನ್ನು ಚಿಮ್ಮಿಸಿ. "ಅರವತ್ತು ವರ್ಷ ಈ ಊರಿಗೆ ಕಾವು ಕೊಟ್ಟಿವ್ನಿ ಕಣೇ ಜವರಿ. ಯಾವ ಮನೇಲಿ ಎಷ್ಟು ಜನ ಉಂಡ್ರು ಅಂತ ಕೇಳು, ಹೇಳ್ತೀನಿ. ಬೇಯಿಸಿ ಹಾಕ್ದೋಳು ಯಾರು ಅಂತ ಒಬ್ಬಳದ್ದೂ ನನಗೆ ಗೊತ್ತಿಲ್ಲ. ಸಾಯೋ ಮುಂಚೆ ಗೊತ್ತಾಗ್ಲಿ. ನನ್ನ ಕಾವು, ನಾನು ಕೇಳ್ತೀನಿ."

ಎದುರು ಮಾತಾಡಿ ಪ್ರಯೋಜನವಿರಲಿಲ್ಲ. ಮೇಲಿನವಳು ಕೇಳಿದ್ದನ್ನು ಕೆಳಗಿನವಳು ಕೊಡಲೇಬೇಕು. ಅವತ್ತಿನಿಂದ ನಾನು ಒಲೆ ಬೇಕು ಅಂತ ಬಂದವರನ್ನು ಮೂರು ಕೇಳಲು ಶುರುಮಾಡಿದೆ. ಉತ್ತರ ಅವರ ಬಾಯಿಂದಲೇ ಬರಬೇಕು, ನಾನೇ ತಿಳಿದುಕೊಂಡು ಸೇರಿಸಿದರೆ ನಡೆಯದು. ಊರ ಗಂಡಸರ ಬಣ್ಣ ಆಗ ಬಯಲಾಯಿತು ನೋಡಿ. ಮರಿಯಪ್ಪನನ್ನು ಕೇಳಿದರೆ "ನಮ್ಮನೆಯವಳು" ಅಂದ. ಅದು ಹೆಸರಲ್ಲಪ್ಪ ಅಂದರೆ "ಚೆನ್ನಿ ತಾಯಿ" ಅಂದ. ಹಾಗೆಯೇ ಕಟ್ಟಿದೆ, ತಣ್ಣಗೇ ಇತ್ತು. ಕೊನೆಗೆ ಅತ್ತ ಇತ್ತ ನೋಡಿ, ಏನೋ ಆಡಬಾರದ ಮಾತು ಆಡುವವನ ಹಾಗೆ ನನ್ನ ಕಿವಿಯಲ್ಲಿ "ನೀಲಮ್ಮ" ಅಂತ ಪಿಸುಗುಟ್ಟಿದ. ಒಲೆ ಭಗ್ಗನೆ ಕಾಯಿತು. ಅಂಗಡಿ ಬೀದಿಯ ಒಬ್ಬ ದೊಡ್ಡ ಮನುಷ್ಯ ತನ್ನ ತಾಯಿಯ ಹೆಸರು ಗೊತ್ತಿಲ್ಲದೆ ಎರಡು ಹೊಳೆ ದಾಟಿ ಅಕ್ಕನ ಮನೆಗೆ ಹೋಗಿ ಕೇಳಿಕೊಂಡು ಬಂದ. ತಾಯಿ ಮನೆಯಲ್ಲೇ ಇದ್ದಳು. ಅವಳನ್ನೇ ಕೇಳಲು ಅವನಿಗೆ ನಾಚಿಕೆಯಂತೆ!

ಜನ ಹೊಂದಿಕೊಂಡರು. ಬೈದುಕೊಂಡು, ನಕ್ಕುಕೊಂಡು, ತಿಂಗಳೊಳಗೆ ಊರಿನ ಅರ್ಧ ಹೆಂಗಸರ ಹೆಸರು ನನ್ನ ಬಾಯಲ್ಲಿತ್ತು. ಆಗ ಬಂದದ್ದು ಅನ್ನಛತ್ರದ ಕರೆ.

ಅನ್ನಛತ್ರದಲ್ಲಿ ದಿನಾ ಎಂಬತ್ತು ಜನ ಉಣ್ಣುತ್ತಾರೆ. ಇಟ್ಟಿಗೆ ಗೂಡಿನ ಆಳುಗಳು, ದಾರಿಹೋಕರು, ಮನೆ ಮಠ ಇಲ್ಲದ ಮುದುಕರು. ಅದನ್ನು ನೋಡಿಕೊಳ್ಳುವ ಪಾರುಪತ್ತೆಗಾರ ಗುರುಮಲ್ಲಪ್ಪ. ಬಿಳಿ ರುಮಾಲು, ಕೈಯಲ್ಲೊಂದು ಬೆತ್ತ, ನಡೆದರೆ ನೆಲಕ್ಕೇ ಉಪಕಾರ ಮಾಡಿದಂತೆ ನಡೆಯುವ ಆಸಾಮಿ. ಹಳೆಯ ದೊಡ್ಡ ಒಲೆ ಕುಸಿದಿತ್ತು. ಹೊಸದು ಕಟ್ಟಬೇಕು ಅಂದ.

"ಸೌದೆಯೋ ಬೆರಣಿಯೋ ಬುದ್ಧಿ?"

"ಸೌದೆ."

"ಎಷ್ಟು ಜನ ಉಣ್ಣೋದು?"

"ಎಂಬತ್ತು."

"ಒಲೆ ಮುಂದೆ ಕೂರೋರ ಹೆಸರು?"

"ಅಡಿಗೆಯವಳು."

"ಅವರ ಹೆಸರು ಬುದ್ಧಿ."

ಗುರುಮಲ್ಲಪ್ಪ ನಕ್ಕ. "ಅಡಿಗೆಯವಳಿಗೆ ಹೆಸರು ಏತಕ್ಕೆ? ಇಪ್ಪತ್ತೆರಡು ವರ್ಷದಿಂದ ಏಯ್ ಅಂದರೆ ಬರುತ್ತಾಳೆ. ಛತ್ರಕ್ಕೆ ಹೊಣೆ ನಾನು. ನನ್ನ ಹೆಸರು ಹಾಕಿ ಕಟ್ಟು."

ಇಲ್ಲಿ ನಾನು ತಪ್ಪು ಮಾಡಿದೆ. ಇದು ಕಾಯುವುದಿಲ್ಲ ಅಂತ ಗೊತ್ತಿದ್ದೂ, ದೊಡ್ಡವರ ಹತ್ತಿರ ವಾದ ಯಾಕೆ ಅಂತ ಕಟ್ಟಿದೆ. ಗುರುಮಲ್ಲಪ್ಪನ ಹೆಸರಿನ ಒಲೆ ಆಳೆತ್ತರ ಉರಿಯಿತು, ಒಂದು ಅಗುಳೂ ಬೇಯಲಿಲ್ಲ. ಅವತ್ತು ಎಂಬತ್ತು ಜನ ಪುರಿ ಬೆಲ್ಲ ತಿಂದು ಎದ್ದರು. ಮಾರನೆಯ ದಿನ ಅದನ್ನು ಒಡೆದು, ಅವನು ಹೇಳಿದ ಹಾಗೆ "ಅಡಿಗೆಯವಳು" ಅಂತಲೇ ಕರೆದು ಕಟ್ಟಿದೆ. ಅದೂ ತಣ್ಣಗೆ. ಮತ್ತೆ ಪುರಿ ಬೆಲ್ಲ. ಗುರುಮಲ್ಲಪ್ಪನ ಮುಖ ಕೆಂಪಗಾಯಿತು.

"ಎಲ್ಲಾ ಅವಳದೇ ಅನಿಷ್ಟ," ಅಂದ. "ಹೆಸರಿಲ್ಲದವಳನ್ನು ಇಟ್ಟುಕೊಂಡದ್ದೇ ತಪ್ಪು. ನಾಳೆ ನಮ್ಮ ಮನೆಯವಳ ದೊಡ್ಡಪ್ಪನ ಮಗಳು ಬರುತ್ತಾಳೆ. ಅವಳನ್ನು ಒಲೆ ಮುಂದೆ ಕೂರಿಸುತ್ತೇನೆ. ಇವಳು ಗಂಟು ಕಟ್ಟಲಿ."

ಕೇಳಿದಿರಾ? ಹೆಸರು ಕೇಳಲು ಬಾಯಿ ಬರಲಿಲ್ಲ, ಹೊರಗೆ ಹಾಕಲು ಬಂತು. ಇಪ್ಪತ್ತೆರಡು ವರ್ಷ ಅವನ ಹೊಗೆ ಕುಡಿದವಳು ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಬೇಕು? ಛತ್ರದ ಉಗ್ರಾಣದ ಮೂಲೆ ಬಿಟ್ಟರೆ ಅವಳಿಗೆ ತಲೆಯ ಮೇಲೆ ಸೂರಿರಲಿಲ್ಲ. ನಾನು ಸೀದಾ ಅಡಿಗೆಮನೆಗೆ ನುಗ್ಗಿದೆ. ಅವಳು ಗೋಡೆಗೆ ಒರಗಿ ಸೋರೆಕಾಯಿ ಹೆಚ್ಚುತ್ತಿದ್ದಳು. ಬೇಯಿಸಲು ಕಾವಿಲ್ಲದಿದ್ದರೂ ಹೆಚ್ಚುವುದನ್ನು ನಿಲ್ಲಿಸಿರಲಿಲ್ಲ. ಸಣ್ಣ ಆಳು, ತೋಳಿನ ತುಂಬ ಸುಟ್ಟ ಕಲೆ. ನಾನು ಈ ಕೈಯಿಂದ ಎಷ್ಟು ಸಲ ಎಲೆ ಮೇಲೆ ಬಡಿಸಿಕೊಂಡು ಉಂಡಿದ್ದೇನೆ. ಇಂಥ ಸಾರು ಮಾಡಿದವಳು ಯಾರು ಅಂತ ಒಂದು ದಿನವೂ ಕೇಳಿರಲಿಲ್ಲ. ಗುರುಮಲ್ಲಪ್ಪನ ಮೇಲೆ ಹಾರಾಡಲು ನನಗೆ ಯಾವ ಮುಖ ಇತ್ತು?

"ನಿಮ್ಮ ಹೆಸರೇನವ್ವಾ?" ಅಂದೆ.

"ಅಡಿಗೆಯಮ್ಮ ಅನ್ನಿ."

"ಅದಲ್ಲ. ಹೆತ್ತೋರು ಇಟ್ಟದ್ದು."

ಈಳಿಗೆಮಣೆ ಪಕ್ಕಕ್ಕೆ ಸರಿಸಿದಳು. ದನಿ ಚಿಕ್ಕದಾಗಿದ್ದರೂ ಅದರಲ್ಲಿ ಸಿಟ್ಟಿತ್ತು. "ಹೊನ್ನಾಜಿ. ನಮ್ಮತ್ತೆ ಹೆಸರೂ ಅದೇ ಆಗಿತ್ತು. ಸೊಸೇನ ಬೈದ್ರೆ ಅತ್ತೆಗೆ ತಗುಲ್ತದೆ ಅಂತ, ಹೊಸಿಲು ದಾಟಿದ ದಿನವೇ ನನ್ನ ಹೆಸರು ತೆಗೆದುಬಿಟ್ರು. ಬ್ಯಾರೆ ಇಡ್ತೀವಿ ಅಂದ್ರು. ಇಡ್ಲೇ ಇಲ್ಲ. ಮರೆತುಬಿಟ್ರು. ಆಮೇಲೆ ಎಲ್ಲಾರೂ ಏಯ್ ಅಂದ್ರು, ನಾನೂ ಓಗೊಟ್ಟೆ."

ಹೊರಗೆ ಬಂದು ಗುರುಮಲ್ಲಪ್ಪನ ಎದುರು ನಿಂತೆ. "ಹೆಸರು ಸಿಕ್ತು ಬುದ್ಧಿ. ಹೊನ್ನಾಜಿ. ನೀವು ಒಂದೇ ಒಂದು ಸಲ ನಿಮ್ಮ ಬಾಯಿಂದ ಹೇಳಿ, ಗಳಿಗೆಯಲ್ಲಿ ಒಲೆ ಕಾಯ್ತದೆ."

"ನಾನು?" ಅವನು ಬೆತ್ತ ಕುಟ್ಟಿದ. "ಇಷ್ಟು ಜನರ ಮುಂದೆ ಅಡಿಗೆಯವಳ ಹೆಸರು ಹಿಡಿದು ಕೂಗಲಾ? ಇವತ್ತು ಹೆಸರು ಕರೆದರೆ ನಾಳೆ ತಲೆ ಮೇಲೆ ಕೂರುತ್ತಾಳೆ. ನೀನು ಕಟ್ಟುವವಳು, ಕಟ್ಟುವುದನ್ನು ನೋಡು."

"ಎಂಬತ್ತು ಜನ ಉಪವಾಸ ಇರೋದು ನಿಮಗೆ ದೊಡ್ಡದಲ್ಲ, ಮೂರಕ್ಷರ ಹೇಳೋದು ದೊಡ್ಡದಾ?" ನನ್ನ ದನಿ ನನಗೇ ಗೊತ್ತಿಲ್ಲದೆ ಏರಿತ್ತು. ಎಲೆ ಹಿಡಿದುಕೊಂಡು ಕೂತಿದ್ದವರು ತಿರುಗಿ ನೋಡಿದರು. ಗುರುಮಲ್ಲಪ್ಪ ಬೆನ್ನು ತಿರುಗಿಸಿ ಹೋದ.

ಮಾರನೆಯ ಬೆಳಿಗ್ಗೆ ದೊಡ್ಡಪ್ಪನ ಮಗಳು ಬಂದಳು. ಸೆರಗು ಹಣೆಯ ತನಕ ಎಳೆದುಕೊಂಡಿದ್ದ ಸಂಕೋಚದ ಹೆಂಗಸು. ಹೊನ್ನಾಜಿ ಆಗಲೇ ಒಂದು ಸಣ್ಣ ಗಂಟು ಹಿಡಿದು ಬಾಗಿಲ ಪಕ್ಕ ನಿಂತಿದ್ದಳು. ಗುರುಮಲ್ಲಪ್ಪ ನನಗೆ ಹೇಳಿಕಳಿಸಿದ್ದ. ಜನ ಆಗಲೇ ಸೇರಿದ್ದರು. ಮೂರನೆಯ ದಿನದ ಹಸಿವು, ಯಾರ ಮುಖದಲ್ಲೂ ನಗುವಿರಲಿಲ್ಲ.

"ಸೌದೆ, ಎಂಬತ್ತು ಜನ," ಅಂದ ಗುರುಮಲ್ಲಪ್ಪ, ಗೆದ್ದವನ ಗತ್ತಿನಲ್ಲಿ. "ಒಲೆ ಮುಂದೆ ಇವಳು."

"ಇವರ ಹೆಸರು ಬುದ್ಧಿ?"

ಅವನು ಬಾಯಿ ತೆರೆದ. "ನಮ್ಮ ಮನೆಯವಳ... ದೊಡ್ಡಪ್ಪನ..." ಅಂದ. ಅವಳ ಕಡೆ ನೋಡಿದ. "ಏನಮ್ಮ ನಿನ್ನ ಹೆಸರು?"

ಆ ಹೆಂಗಸು ಸೆರಗನ್ನು ಇನ್ನಷ್ಟು ಎಳೆದುಕೊಂಡಳು. "ಹತ್ತು ವರ್ಷದಿಂದ ಹಬ್ಬಹಬ್ಬಕ್ಕೂ ನಿಮ್ಮ ಮನೇಲಿ ಬೇಯಿಸಿ ಹಾಕಿದೀನಿ," ಅಂದಳು ಮೆಲ್ಲಗೆ. "ಭಾವನಿಗೆ ಗೊತ್ತಿರಬೇಕಲ್ಲ."

ಎಲೆ ಹಿಡಿದ ಜನರಲ್ಲಿ ಯಾರೋ ಗೊಳ್ಳನೆ ನಕ್ಕರು. ಗುರುಮಲ್ಲಪ್ಪ ಅವಳನ್ನು ಎಷ್ಟು ಗದರಿದರೂ ಅವಳು ಹೆಸರು ಹೇಳಲಿಲ್ಲ. ಸಂಕೋಚದವಳು ಅಂದುಕೊಂಡಿದ್ದೆ, ಗಟ್ಟಿಗಿತ್ತಿ.

ಆಗ ಹೊನ್ನಾಜಿ ಬಾಗಿಲು ಬಿಟ್ಟು ಬೀದಿಗೆ ಇಳಿದಳು. ಛತ್ರದ ಎದುರು ಹುಣಸೆಮರದ ಕೆಳಗೆ ಗಂಟು ಇಟ್ಟು, ನನ್ನನ್ನು ಕರೆದಳು. "ಜವರಮ್ಮ, ಬಾರವ್ವಾ ಇಲ್ಲಿ. ನಂಗೊಂದು ಒಲೆ ಬೇಕು."

ನಾನು ಮಣ್ಣಿನ ಮಂಕರಿ ಎತ್ತಿಕೊಂಡು ಹೋದೆ. ಕೇಳಬೇಕಾದ್ದನ್ನು ಕೇಳಿದೆ. "ಸೌದೆಯೋ ಬೆರಣಿಯೋ?"

"ಮರದಡಿ ಬಿದ್ದಿರೋ ಪುಳ್ಳೆ ಸಾಕು."

"ಎಷ್ಟು ಜನ ಉಣ್ಣೋದು?"

ಅವಳು ಛತ್ರದ ಕಡೆ ನೋಡಿದಳು. ಬಾಯಲ್ಲಿ ಎಂಬತ್ತು ಬರುತ್ತಿತ್ತೋ ಏನೋ, ನುಂಗಿಕೊಂಡಳು. "ಒಬ್ಬಳು," ಅಂದಳು.

"ಒಲೆ ಮುಂದೆ ಕೂರೋಳ ಹೆಸರು?"

"ಹೊನ್ನಾಜಿ." ಬೀದಿಯ ಆ ಕಡೆಯವರಿಗೂ ಕೇಳಿಸುವ ಹಾಗೆ ಹೇಳಿದಳು.

"ಮಂಚಮ್ಮ, ಮೊದಲು ನೀನು ಬಾ, ಒಬ್ಬಳು, ಹೊನ್ನಾಜಿ," ಅಂತ ಕರೆದು ನಾನು ಮಣ್ಣು ಮುಟ್ಟಿದೆ. ಅಷ್ಟು ಪುಟ್ಟ ಒಲೆಯನ್ನು ನಾನು ಯಾವತ್ತೂ ಕಟ್ಟಿರಲಿಲ್ಲ. ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅದು ಕಲ್ಲಾಗಿತ್ತು. ಎದುರು ಮನೆಯಿಂದ ಪಾವು ಅಕ್ಕಿ, ಎರಡು ಬದನೆಕಾಯಿ, ಉಪ್ಪು ಹುಣಸೆ ಇಸಕೊಂಡು ಬಂದೆ. ಪುಳ್ಳೆ ಹತ್ತಿಸಿದಳು. ಎಸರು ತಕ್ಷಣ ಮರಳಿತು. ಅನ್ನದ ಪರಿಮಳ ಬೀದಿ ದಾಟಿ ಛತ್ರದ ಒಳಗೆ ಹೋಯಿತು.

ಜನ ಒಬ್ಬೊಬ್ಬರಾಗಿ ಎದ್ದು ಹೊರಗೆ ಬಂದರು. ಯಾರೂ ಹತ್ತಿರ ಬರಲಿಲ್ಲ. ಬೀದಿಯ ಆಚೆ ಸಾಲಾಗಿ ನಿಂತರು, ಕೈಯಲ್ಲಿ ಬರೀ ಎಲೆ. ಅವರಲ್ಲಿ ಒಬ್ಬ ಮುದುಕ ಗುರುಮಲ್ಲಪ್ಪನ ಕಡೆ ತಿರುಗಿ, "ಹೆಸರು ಹೇಳಯ್ಯಾ ಪುಣ್ಯಾತ್ಮ, ನಿನ್ನಪ್ಪನ ಗಂಟೇನು ಹೋಗ್ತದೆ," ಅಂದ. ಇನ್ನೊಬ್ಬಳು ಅಂದಳು. ಆಮೇಲೆ ಎಲ್ಲರೂ ಅಂದರು. ಗುರುಮಲ್ಲಪ್ಪ ರುಮಾಲು ಸರಿಮಾಡಿಕೊಂಡ, ಕೆಮ್ಮಿದ, ಬೀದಿ ದಾಟಿ ನನ್ನ ಹತ್ತಿರ ಬಂದು ಗೊಣಗಿದ. "ಕಟ್ಟು ಹೋಗು. ಎಂಬತ್ತು ಜನ. ಹೊನ್... ಹೊನ್ನಾಜಿ."

"ನನಗೆ ಯಾಕೆ ಹೇಳ್ತೀರಿ ಬುದ್ಧಿ?" ಅಂದೆ. "ಒಲೆ ಮುಂದೆ ಕೂರೋದು ನಾನಾ? ಬರ್ತಾರಾ ಅಂತ ಮೊದಲು ಅವರನ್ನ ಕೇಳಿ."

ಅವನು ಹಲ್ಲು ಕಡಿದ. ಎಂಬತ್ತು ಜೊತೆ ಕಣ್ಣು ಅವನ ಬೆನ್ನಿಗೆ ನೆಟ್ಟಿದ್ದವು. ಕೊನೆಗೆ ಹುಣಸೆಮರದ ನೆರಳಿನ ಅಂಚಿನಲ್ಲಿ ನಿಂತು, "ಹೊನ್ನಾಜಮ್ಮ," ಅಂದ, ಈ ಸಲ ಎಲ್ಲರಿಗೂ ಕೇಳಿಸುವ ಹಾಗೆ. "ಒಳಗೆ ಬರಬೇಕು. ಒಲೆ ನಿಮ್ಮ ಹೆಸರಿನಲ್ಲೇ ಕಟ್ಟಿಸುತ್ತೇನೆ. ಜನ ಹಸಿದಿದ್ದಾರೆ."

ಹೊನ್ನಾಜಿ ಎಲೆ ಹಾಸಿಕೊಂಡು ಅನ್ನ ಬಡಿಸಿಕೊಂಡಿದ್ದಳು. ಬದನೆಕಾಯಿ ಗೊಜ್ಜು ಪಕ್ಕಕ್ಕೆ ಹಾಕಿಕೊಂಡಳು. ಎಂಬತ್ತು ಎಲೆ ಎತ್ತಿದ ಮೇಲೆ, ಹೊತ್ತು ಇಳಿದ ಮೇಲೆ, ತಳ ಕೆರೆದು ತಿನ್ನುತ್ತಿದ್ದ ಹೆಂಗಸು ಅವಳು. ಬಿಸಿ ಅನ್ನವನ್ನು ಕಲಸಿ, ಮೊದಲ ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ತಲೆ ಎತ್ತಿ ನೋಡಿದಳು.

"ಬರ್ತೀನಿ ನಿಂತ್ಕಳ್ಳಿ," ಅಂದಳು. "ಉಂಡು ಬರ್ತೀನಿ."